ಮುಟ್ಟಿದವರಿಗೆ ಗೊತ್ತು, ಮುಟ್ಟದವರಿಗೆ ಏನು ಗೊತ್ತು?

2005ರಲ್ಲಿ ದಿಲ್ಲಿಯ ಪಾರ್ಲಿಮೆಂಟು ಉದ್ಯೋಗ ಖಾತ್ರಿ ಕಾಯ್ದೆ ಮಾಡಿತು. ಹಳ್ಳಿಯ ಪ್ರತಿ ಮನೆಗೆ ವರ್ಷಕ್ಕೆ 100 ದಿನ ಕೂಲಿ ಅಂತ ಅದರಲ್ಲಿತ್ತು. ಅದರಿಂದ ನಮ್ಮ ಕೇರಿಗಳಲ್ಲಿ ಒಲೆ ಉರಿದದ್ದು ನಿಜ, ಇಲ್ಲ ಅನ್ನುವವರು ನಾವಲ್ಲ. ಆದರೆ ಆ ಕಾಯ್ದೆ ನಮ್ಮ ಕೆಲಸಕ್ಕೆ ಕೊಟ್ಟ ಹೆಸರೇನು? ‘ಕುಶಲರಹಿತ ದೈಹಿಕ ಶ್ರಮ.’ ಕೆರೆ ಹೂಳೆತ್ತಿದವರು, ಬದು ಹಾಕಿದವರು, ಗುಂಡಿ ತೋಡಿದವರು, ಎಲ್ಲರೂ ಕುಶಲತೆ ಇಲ್ಲದವರು. ಕೈ ಇದೆ, ಕೈಯಲ್ಲಿ ಬುದ್ಧಿ ಇಲ್ಲ ಅಂತ ಕಾಯ್ದೆಯೇ ಬರೆದುಬಿಟ್ಟಿತು.

ಇದು ಒಂದು ಕಾಯ್ದೆಯ ಮಾತಲ್ಲ. ಕನಿಷ್ಠ ಕೂಲಿಯ ಸರ್ಕಾರಿ ಪಟ್ಟಿಗಳನ್ನು ತೆಗೆದು ನೋಡಿ. 2019ರ ವೇತನ ಸಂಹಿತೆಯಲ್ಲೂ ಅದೇ: ಕುಶಲರಹಿತ, ಅರೆಕುಶಲ, ಕುಶಲ, ಅತಿಕುಶಲ. ನಾಲ್ಕು ಮೆಟ್ಟಿಲು. ಎಲ್ಲೋ ಕೇಳಿದ ಲೆಕ್ಕ ಅನ್ನಿಸುವುದಿಲ್ಲವೇ? ನಾಲ್ಕು ಮೆಟ್ಟಿಲಿನ ಈ ಲೆಕ್ಕವನ್ನು ಈ ದೇಶ ಎರಡು ಸಾವಿರ ವರ್ಷದಿಂದ ಬಾಯಿಪಾಠ ಮಾಡಿದೆ. ಮೊದಲು ಅದನ್ನು ಹುಟ್ಟಿನ ಲೆಕ್ಕ ಅಂದರು, ಈಗ ಕೌಶಲ್ಯದ ಲೆಕ್ಕ ಅಂತಾರೆ. ಕೆಳಗಿನ ಮೆಟ್ಟಿಲ ಮೇಲೆ ನಿಂತವರ ಮುಖ ನೋಡಿ. ಹೆಚ್ಚಿನವು ಅವೇ ಮುಖಗಳು.

ನಮ್ಮ ಪ್ರಶ್ನೆ ಒಂದೇ. ಕುಶಲತೆ ಇಲ್ಲ ಅಂತ ತೀರ್ಪು ಕೊಟ್ಟವರು ಯಾರು? ಅವರು ಒಂದು ದಿನವಾದರೂ ಹಾರೆ ಹಿಡಿದಿದ್ದರೇ? ಹಸಿ ತೊಗಲು ಮುಟ್ಟಿದ್ದರೇ?

ಮುಟ್ಟು ಎಂಬ ಮಾತು

ಕನ್ನಡದಲ್ಲಿ ‘ಮುಟ್ಟು’ ಎಂಬ ಮಾತಿಗೆ ಮೂರು ಅರ್ಥ ಇದೆ. ಒಂದು, ಕೈ ತಾಗಿಸು. ಎರಡು, ಹೆಂಗಸರ ತಿಂಗಳ ಮುಟ್ಟು. ಮೂರನೆಯದು ಈಗಿನ ಪೇಟೆ ಮಕ್ಕಳಿಗೆ ಗೊತ್ತಿಲ್ಲದ್ದು: ಮುಟ್ಟು ಅಂದರೆ ಕೆಲಸದ ಸಾಮಾನು, ಉಪಕರಣ. ಬೇಸಾಯದ ಮುಟ್ಟು, ಕಮ್ಮಾರನ ಮುಟ್ಟು. ಕೈಯಲ್ಲಿ ಹಿಡಿದು ಲೋಕವನ್ನು ಮುಟ್ಟುವುದಕ್ಕೆ ಯಾವುದು ಬೇಕೋ ಅದೇ ಮುಟ್ಟು. ಈ ಮಾತನ್ನು ಮಾಡಿದವನು ದುಡಿಯುವವನು. ಉಪಕರಣ ಅನ್ನುವುದು ಕೈಯ ಮುಂದುವರಿಕೆ ಅಂತ ಅವನಿಗೆ ಗೊತ್ತಿತ್ತು.

ಈಗ ನೋಡಿ ಮಡಿವಂತರ ಕೆಲಸ. ಮೂರು ಅರ್ಥದಲ್ಲೂ ಅವರು ಮುಟ್ಟನ್ನು ಮೈಲಿಗೆ ಮಾಡಿದರು. ಹೆಂಗಸಿನ ಮುಟ್ಟು ಮೈಲಿಗೆ, ಅವಳು ಹೊರಗೆ ಕೂರಬೇಕು. ದುಡಿಯುವವನ ಕೈ ಮುಟ್ಟಿದರೆ ಮೈಲಿಗೆ, ಅವನು ಊರ ಹೊರಗೆ ಇರಬೇಕು. ದುಡಿಮೆಯ ಮುಟ್ಟೂ ಕೀಳು, ಅದನ್ನು ಹಿಡಿದವನು ಓದಬಾರದು. ಹೆಣ್ಣು, ದಲಿತ, ದುಡಿಮೆ ಮೂವರನ್ನೂ ಒಂದೇ ಮಾತಿನಿಂದ ಹೊರಗೆ ಹಾಕಿದ ದೇಶ ಇದು.

ಇನ್ನೊಂದು ಮಾತು ‘ಹದ’. ಮಣ್ಣಿಗೆ ಹದ ಇದೆ, ಮುದ್ದೆಗೆ ಹದ ಇದೆ, ಕಬ್ಬಿಣಕ್ಕೆ ಹದ ಇದೆ. ತೊಗಲಿಗಂತೂ ಹದ ಮಾಡುವುದು ಅಂತಲೇ ಹೆಸರು. ಹದ ಅನ್ನುವುದನ್ನು ತಕ್ಕಡಿಯಲ್ಲಿ ತೂಗಿ ಹೇಳಲು ಬರುವುದಿಲ್ಲ. ಗಟ್ಟಿ, ಮೆತು, ಜಿಗುಟು, ಬಿಸಿ, ತೇವ, ತೂಕ, ಇಷ್ಟೂ ಸೇರಿದ ತೀರ್ಮಾನ ಅದು. ಅದನ್ನು ಕೈ ಮಾಡುತ್ತದೆ. ಮುದ್ದೆ ತೊಳಸುವ ನಮ್ಮ ತಾಯಂದಿರು ಹಿಟ್ಟಿನೊಳಗೆ ಬೆರಳಿಡುವುದಿಲ್ಲ. ಕೋಲು ಎಷ್ಟು ಹಿಡಿಯುತ್ತದೆ, ಎಷ್ಟು ಬಿಡುತ್ತದೆ ಅನ್ನುವುದರಲ್ಲೇ ಬೆಂದಿತೋ ಇಲ್ಲವೋ, ಒಳಗೆ ಗಂಟು ಉಳಿಯಿತೋ ಇಲ್ಲವೋ ತಿಳಿಯುತ್ತಾರೆ. ಆ ಹೆಂಗಸಿನ ಕೆಲಸಕ್ಕೆ ನಿಮ್ಮ ಪಟ್ಟಿಯಲ್ಲಿ ಯಾವ ಮೆಟ್ಟಿಲು?

ತೊಗಲಿನ ಶಾಲೆ

ನಮ್ಮ ಮಾದಿಗರ ಕೇರಿಯಲ್ಲಿ ತೊಗಲು ಹದ ಮಾಡುವ ಕೆಲಸ ಹೇಗೆ ನಡೆಯುತ್ತಿತ್ತು, ಅದನ್ನು ಹೇಳಬೇಕು. ಓದಿದವರು ಇದನ್ನು ಬರೆದಿಡಲಿಲ್ಲ. ಬರೆಯಬೇಕಾದರೆ ಹತ್ತಿರ ಬರಬೇಕಿತ್ತು.

ಹಸಿ ತೊಗಲನ್ನು ನೀರಿನಲ್ಲಿ ನೆನೆಸಿ, ಸುಣ್ಣದ ತೊಟ್ಟಿಗೆ ಹಾಕುತ್ತಾರೆ. ಎಷ್ಟು ದಿನ? ಪಂಚಾಂಗದಲ್ಲಿ ಇಲ್ಲ. ಬಿಸಿಲು ಕಾಲದಲ್ಲಿ ಒಂದು ಲೆಕ್ಕ, ಚಳಿಗೆ ಒಂದು ಲೆಕ್ಕ. ಎತ್ತಿನ ತೊಗಲಿಗೆ ಒಂದು, ಆಡಿನ ತೊಗಲಿಗೆ ಇನ್ನೊಂದು. ಹೆಬ್ಬೆರಳಿನಿಂದ ಕೂದಲು ಒತ್ತಿ ಎಳೆದರೆ ಸಲೀಸಾಗಿ ಜಾರಿ ಬರಬೇಕು. ಬರದಿದ್ದರೆ ಇನ್ನೂ ಬೇಕು. ಹೆಚ್ಚು ದಿನ ಬಿಟ್ಟರೆ ತೊಗಲು ಸಡಿಲವಾಗಿ ಕೆಟ್ಟಿತು. ಆಮೇಲೆ ಕೂದಲು ಹೆರೆಯುವುದು, ಒಳಮೈಯ ಮಾಂಸ ಹೆರೆಯುವುದು. ಕತ್ತಿ ಒಂದು ಕೂದಲೆಳೆಯಷ್ಟು ಆಳ ಹೋದರೆ ತೊಗಲಿಗೆ ಗಾಯ. ಕಣ್ಣಿಗೆ ಅದು ಕಾಣುವ ಮೊದಲೇ ಕತ್ತಿಯ ಹಿಡಿಯಲ್ಲಿ ಕೈಗೆ ಗೊತ್ತಾಗುತ್ತದೆ. ಆಮೇಲೆ ಸುಣ್ಣ ಹೋಗುವ ತನಕ ತೊಳೆತ. ಕೊನೆಗೆ ತಂಗಡಿ ಚಕ್ಕೆಯ ರಸ, ಅಳಲೆಕಾಯಿ. ತೊಗಲನ್ನೇ ಚೀಲದ ಹಾಗೆ ಹೊಲಿದು, ರಸ ತುಂಬಿ ತೂಗು ಹಾಕುವುದೂ ಉಂಟು. ರಸ ಒಳಗೆಲ್ಲ ಇಳಿಯಿತೋ ಇಲ್ಲವೋ ಅಂತ ಮಡಿಸಿ ನೋಡುತ್ತಾರೆ, ಹಿಸುಕಿ ನೋಡುತ್ತಾರೆ, ಅಂಚು ಕೊಯ್ದು ನೋಡುತ್ತಾರೆ.

ಅಮೆರಿಕದ ರಾಬರ್ಟಾ ಕ್ಲಾಟ್ಸ್ಕಿ ಮತ್ತು ಕೆನಡಾದ ಸೂಸನ್ ಲೆಡರ್‌ಮನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು 1987ರಲ್ಲಿ ಒಂದು ಲೇಖನ ಬರೆದರು. ಕಣ್ಣು ಕಟ್ಟಿದ ಮನುಷ್ಯ ಒಂದು ವಸ್ತುವನ್ನು ಕೈಯಿಂದ ಹೇಗೆ ಅರಿಯುತ್ತಾನೆ ಅಂತ ಕೈಯ ಚಲನೆಯನ್ನೇ ನೋಡಿ ಪಟ್ಟಿ ಮಾಡಿದರು. ಒರಟೋ ನುಣುಪೋ ತಿಳಿಯಲು ಕೈ ಅಡ್ಡಡ್ಡ ಸವರುತ್ತದೆ. ಗಟ್ಟಿಯೋ ಮೆತ್ತಗೋ ತಿಳಿಯಲು ಒತ್ತುತ್ತದೆ. ಬಿಸಿಯೋ ತಣ್ಣಗೋ ತಿಳಿಯಲು ಸುಮ್ಮನೆ ತಾಗಿ ನಿಲ್ಲುತ್ತದೆ. ತೂಕ ತಿಳಿಯಲು ಎತ್ತಿ ಹಿಡಿಯುತ್ತದೆ. ಗಾತ್ರ ತಿಳಿಯಲು ಮುಷ್ಟಿಯಲ್ಲಿ ಸುತ್ತಿಕೊಳ್ಳುತ್ತದೆ. ನಿಖರವಾದ ಆಕಾರ ತಿಳಿಯಲು ಅಂಚಿನಗುಂಟ ಬೆರಳು ಓಡಿಸುತ್ತದೆ. ಈ ಪಟ್ಟಿ ಇವತ್ತು ಲೋಕದ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಪಾಠವಾಗಿದೆ. ಆ ಇಬ್ಬರಿಗೆ ನಾವು ಕೈಮುಗಿಯುತ್ತೇವೆ. ಆದರೆ ತೊಗಲಿನ ತೊಟ್ಟಿಯ ಮುಂದೆ ಕೂತ ನಮ್ಮ ಅಜ್ಜ ಆ ಆರೂ ಚಲನೆಗಳನ್ನು ಒಂದು ಬೆಳಗ್ಗೆಯೊಳಗೆ ಮಾಡಿ ಮುಗಿಸುತ್ತಿದ್ದ. ಅವನನ್ನು ಯಾವ ಪುಸ್ತಕವೂ ಕರೆಯಲಿಲ್ಲ. ಊರ ಗೌಡ ಕರೆದ, ಕರೆದದ್ದು ‘ಲೇ’ ಅಂತ.

ಕೈ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಲೆಕ್ಕವೇ ಇದೆ. ಒಂದು ಅಂಗೈಯ ಚರ್ಮದಲ್ಲಿ ಸ್ಪರ್ಶ ತಿಳಿಯುವ ನರಗಳು ಸುಮಾರು 17,000 ಅಂತ ಸ್ವೀಡನ್ನಿನ ವಿಜ್ಞಾನಿಗಳು 1979ರಲ್ಲಿ ಅಂದಾಜು ಮಾಡಿದರು. ಅದೇ ದೇಶದಲ್ಲಿ 2013ರಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ನುಣುಪಾದ ಮೈಮೇಲೆ ಎಬ್ಬಿಸಿದ ಸುಕ್ಕನ್ನು ಬೆರಳು ಸವರಿ ಗುರುತಿಸಬೇಕು. ಸುಮಾರು 13 ನ್ಯಾನೋಮೀಟರ್ ಎತ್ತರದ ಸುಕ್ಕು ಕೂಡ ಬೆರಳಿಗೆ ಸಿಕ್ಕಿತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹದಿಮೂರು ಪಾಲು. ಯಾವ ಕಣ್ಣಿಗೂ ಇದು ಕಾಣುವುದಿಲ್ಲ. ಸ್ಪರ್ಶದ ನರದೊಳಗೆ ಒತ್ತಡ ತಿಳಿಯುವ ಬಾಗಿಲು ಯಾವುದು ಅಂತ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ಗೆ 2021ರಲ್ಲಿ ನೊಬೆಲ್ ಬಂತು. ಬಿಸಿಯನ್ನು ತಿಳಿಯುವ ಬಾಗಿಲು ಕಂಡುಹಿಡಿದ ಡೇವಿಡ್ ಜೂಲಿಯಸ್ ಜೊತೆಗೆ ಹಂಚಿಕೊಂಡರು. ಸ್ಪರ್ಶವನ್ನು ಅರಿತದ್ದಕ್ಕೆ ಲೋಕ ನೊಬೆಲ್ ಕೊಡುತ್ತದೆ. ಸ್ಪರ್ಶದಿಂದ ಬದುಕಿದವನಿಗೆ ಈ ದೇಶ ಅಸ್ಪೃಶ್ಯ ಅಂತ ಹೆಸರು ಕೊಟ್ಟಿತು.

ಉಳಿ, ಹಾರೆ, ಕೋಲು

ಬರಿಗೈಯ ಮಾತು ಹಾಗಾಯಿತು. ಇನ್ನು ಮುಟ್ಟು ಹಿಡಿದ ಕೈಯ ಮಾತು.

ಮೆಟ್ಟು ಹೊಲಿಯುವವನು ಉಳಿಯನ್ನು ಅಟ್ಟೆಯೊಳಗೆ ಇಳಿಸುತ್ತಾನೆ. ಉಳಿಯ ಮೊನೆ ಮೇಲ್ಪದರ ದಾಟಿ ಒಳಪದರಕ್ಕೆ ಬಂದದ್ದು, ಎಲ್ಲಿ ತೊಗಲು ಸಡಿಲವಾಗಿದೆ, ಎಲ್ಲಿ ಗಟ್ಟಿ ನಾರು ಅಡ್ಡ ಬಂತು, ಎಲ್ಲ ಅವನಿಗೆ ಗೊತ್ತಾಗುತ್ತದೆ. ಅವನ ಬೆರಳು ಇರುವುದು ಹಿಡಿಯ ಮೇಲೆ. ಆದರೆ ಅವನು ಅರಿಯುವುದು ಮೊನೆಯಲ್ಲಿ. ಕಲ್ಲು ಒಡೆಯುವ ಭೋವಿಗಳು ಬಂಡೆಯ ಮೇಲೆ ಸುತ್ತಿಗೆ ತಟ್ಟುತ್ತಾರೆ. ಸದ್ದು ಕಿವಿಗೆ ಬರುತ್ತದೆ, ನಡುಕ ಮೊಣಕೈಗೆ ಬರುತ್ತದೆ. ಎರಡೂ ಸೇರಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತವೆ. ಬಾವಿ ತೋಡುವವನ ಹಾರೆಗೆ ಮಣ್ಣು, ಜಲ್ಲಿ, ಬಂಡೆ ಒಂದೊಂದೂ ಒಂದೊಂದು ಮಾತಾಡುತ್ತದೆ. ಗುದ್ದಲಿಗೆ ಕಾವು ಆರಿಸುವವನು ಅಳತೆಪಟ್ಟಿ ತೆಗೆಯುವುದಿಲ್ಲ, ಒಂದು ಸಲ ಬೀಸಿ ನೋಡುತ್ತಾನೆ, ಅಷ್ಟೇ.

ಇದು ಕಟ್ಟುಕತೆಯಲ್ಲ. 1637ರಲ್ಲಿ ಫ್ರಾನ್ಸಿನ ದೇಕಾರ್ತ್ ಬೆಳಕಿನ ಬಗ್ಗೆ ಬರೆಯುವಾಗ, ಕುರುಡನೊಬ್ಬ ಕೋಲಿನಿಂದ ದಾರಿ ಅರಿಯುವುದನ್ನೇ ಉದಾಹರಣೆಗೆ ತೆಗೆದುಕೊಂಡ. ಅಷ್ಟು ದೊಡ್ಡ ಪಂಡಿತನಿಗೆ ನೋಟ ಅಂದರೆ ಏನು ಅಂತ ಬಿಡಿಸಿ ಹೇಳಲು ಬೇಕಾದದ್ದು ಒಂದು ಕೋಲು, ಅದನ್ನು ಹಿಡಿದ ಒಂದು ಕೈ. 1980ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮೈಕೆಲ್ ಟರ್ವಿ ಮತ್ತು ಸಂಗಡಿಗರು ಜನರಿಗೆ ಕಾಣದ ಹಾಗೆ ಕೋಲು ಹಿಡಿಸಿ ಆಡಿಸಲು ಹೇಳಿದರು. ಬರೀ ಆಡಿಸಿಯೇ ಅದರ ಉದ್ದವನ್ನು ಜನ ಹೇಳಿದರು. ಕೋಲು ತಿರುಗುವಾಗ ಕೈಗೆ ಒಡ್ಡುವ ತಡೆಯೇ ಉದ್ದವನ್ನು ತಿಳಿಸುತ್ತದೆ ಅಂತ ಅವರು ತೋರಿಸಿದರು. ನಮ್ಮವನು ಕಾವು ಬೀಸಿ ನೋಡುವುದು ಇದನ್ನೇ. ಅಂಗೈಯ ಆಳದಲ್ಲಿ ನಡುಕವನ್ನು ಹಿಡಿಯುವುದಕ್ಕೇ ಒಂದು ಬಗೆ ನರತುದಿ ಇದೆ, ಇಟಲಿಯ ಪಾಸಿನಿಯ ಹೆಸರು ಅದಕ್ಕೆ. ಉಳಿಯ ಮೊನೆಯ ನಡುಕ ಹಿಡಿಯ ಮೂಲಕ ಅಲ್ಲಿಗೆ ಮುಟ್ಟುತ್ತದೆ. 2018ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಕೆಲಸ ಮಾಡಿದ ಒಂದು ತಂಡ ಇನ್ನೂ ಮುಂದೆ ಹೋಯಿತು. ಹಿಡಿದ ಕೋಲಿನ ಯಾವ ಜಾಗಕ್ಕೆ ಏಟು ಬಿತ್ತು ಅಂತ ಮನುಷ್ಯ ತನ್ನ ಚರ್ಮದ ಮೇಲೆ ಬಿದ್ದಾಗ ಹೇಳುವ ಹಾಗೆಯೇ ಸರಿಯಾಗಿ ಹೇಳಬಲ್ಲ ಅಂತ ತೋರಿಸಿತು. ಅಂದರೆ ಮುಟ್ಟು ಹಿಡಿದಾಗ ಮನುಷ್ಯನ ಅರಿವು ಚರ್ಮಕ್ಕೆ ನಿಲ್ಲುವುದಿಲ್ಲ, ಮುಟ್ಟಿನ ತುದಿಯ ತನಕ ಹರಿಯುತ್ತದೆ.

ನಮ್ಮ ಮಾದಾರ ಚೆನ್ನಯ್ಯನವರಿಗೆ ಇದು ಗೊತ್ತಿತ್ತು. ಬೇರೆ ಶರಣರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ ಅವರ ಅಂಕಿತದಲ್ಲಿ ಕೈಯುಳಿ ಇದೆ, ಕತ್ತಿ ಇದೆ, ಅಡಿಗೂಂಟ ಇದೆ. ತಾವು ಹಿಡಿದ ಮುಟ್ಟುಗಳನ್ನು ಅವರು ವಚನದ ಮೂಲೆಗೆ ಎಸೆಯಲಿಲ್ಲ, ವಚನದ ಸಹಿಯಲ್ಲೇ ಇಟ್ಟರು.

ಸೇರಿಗೆ ಅರ್ಧ ಪಾವು

ಜರ್ಮನಿಯ ಲೈಪ್‌ಜಿಗ್‌ನಲ್ಲಿ ವೇಬರ್ ಎಂಬ ಪ್ರೊಫೆಸರು 1834ರಲ್ಲಿ ಸ್ಪರ್ಶದ ಮೇಲೆ ಒಂದು ಪುಸ್ತಕ ಬರೆದ. ಕೈಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ತೂಕ ಇಟ್ಟರೆ, ಮೂವತ್ತಕ್ಕೂ ಇಪ್ಪತ್ತೊಂಬತ್ತಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಕೈಯಲ್ಲಿ ಎತ್ತಿ ತೂಗಿದರೆ ನಲವತ್ತಕ್ಕೂ ಮೂವತ್ತೊಂಬತ್ತಕ್ಕೂ ಇರುವ ವ್ಯತ್ಯಾಸವೇ ತಿಳಿಯುತ್ತದೆ. ಎತ್ತುವ ಕೈ ಸುಮ್ಮನೆ ಬಿದ್ದ ಕೈಗಿಂತ ಜಾಣ.

ಈಗ ನಮ್ಮ ಲೆಕ್ಕ ಕೇಳಿ. ಕಾಳಿನಲ್ಲಿ ಕೂಲಿ ಅಳೆಯುತ್ತಿದ್ದ ಕಾಲದಲ್ಲಿ ಧಣಿಯ ಕಣದಲ್ಲಿ ಸೇರು ತುಂಬದೆ ಸೆರಗಿಗೆ ಸುರಿಯುತ್ತಿದ್ದರು. ಸೇರಿಗೆ ನಾಲ್ಕು ಪಾವು. ಅರ್ಧ ಪಾವು ಕಡಿಮೆಯಾದರೆ ಎಂಟರಲ್ಲಿ ಒಂದು ಪಾಲು ಕಳವು. ನಲವತ್ತರಲ್ಲಿ ಒಂದನ್ನು ತಿಳಿಯುವ ಕೈಗೆ ಎಂಟರಲ್ಲಿ ಒಂದು ತಿಳಿಯದೇ ಹೋಗುತ್ತದೆಯೇ? ಸೆರಗು ಕಟ್ಟಿ ಎತ್ತಿದ ಕೂಡಲೆ ನಮ್ಮ ತಾಯಂದಿರ ಕೈಗೆ ಗೊತ್ತಾಗುತ್ತಿತ್ತು. ಕೈಗೆ ಗೊತ್ತಿತ್ತು, ಬಾಯಿಗೆ ಹಕ್ಕಿರಲಿಲ್ಲ. ನಮ್ಮವರು ಮೋಸ ಹೋದದ್ದು ದಡ್ಡರಾಗಿದ್ದಕ್ಕೆ ಅಂತ ಹೇಳುವವರು ಇದನ್ನು ಚೆನ್ನಾಗಿ ತಿಳಿಯಲಿ.

ಒಂದೇ ಬೆರಳು, ಎರಡು ಹೆಸರು

ಡಾಕ್ಟರು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಆ ವಿದ್ಯೆಯನ್ನು 1761ರಲ್ಲಿ ಪುಸ್ತಕದಲ್ಲಿ ಹೇಳಿದವನು ಆಸ್ಟ್ರಿಯಾದ ಔವೆನ್‌ಬ್ರುಗರ್. ಅವನ ಅಪ್ಪ ಹೋಟೆಲು ನಡೆಸುತ್ತಿದ್ದವನು. ಪೀಪಾಯಿಯಲ್ಲಿ ಮದ್ಯ ಎಷ್ಟಿದೆ ಅಂತ ತಟ್ಟಿ ನೋಡುವುದನ್ನು ಮಗ ಅಲ್ಲೇ ಕಲಿತ ಅಂತ ವೈದ್ಯಶಾಸ್ತ್ರದ ಚರಿತ್ರೆ ಹೇಳುತ್ತದೆ. ಪೀಪಾಯಿ ತಟ್ಟುವ ಬೆರಳಿನಿಂದ ವೈದ್ಯವಿದ್ಯೆ ಹುಟ್ಟಿತು. ಯಾಕೆ ಹುಟ್ಟಿತು? ಪೀಪಾಯಿ ತಟ್ಟುವವನ ಮಗ ಕಾಲೇಜಿನ ಮೆಟ್ಟಿಲು ಹತ್ತಲು ಅಲ್ಲಿ ದಾರಿ ಇತ್ತು, ಅದಕ್ಕೆ.

ನಮ್ಮಲ್ಲಿ? ತಮಟೆಯನ್ನು ಬೆಂಕಿಗೆ ಕಾಯಿಸಿ, ಬೆರಳಲ್ಲಿ ತಟ್ಟಿ, ಬಿಗಿ ಬಂತೋ ಇಲ್ಲವೋ ನೋಡುವ ಕೈ ಅದೇ ಕೆಲಸ ಮಾಡುತ್ತದೆ. ಅದನ್ನು ಯಾವ ಕಾಲೇಜೂ ಒಳಗೆ ಬಿಡಲಿಲ್ಲ. ಮೃದಂಗದ ಕತೆ ಇನ್ನೂ ಸೊಗಸು. ಸಭೆಯಲ್ಲಿ ಪಂಡಿತ ಮೃದಂಗ ನುಡಿಸುತ್ತಾನೆ, ಅದು ದೇವವಾದ್ಯ. ಅದರ ಎರಡು ಬಾಯಿಗೆ ಕಟ್ಟಿದ್ದು ದನದ, ಎಮ್ಮೆಯ, ಆಡಿನ ತೊಗಲು. ಬೆರಳುಗಳ ನಡುವೆ ಹಿಡಿದು, ಎಲ್ಲಿ ದಪ್ಪ ಎಲ್ಲಿ ತೆಳು ಅಂತ ನೋಡಿ ಆರಿಸಿದವನು ದಲಿತ. ತಮಿಳುನಾಡಿನ ದಲಿತ ಕ್ರೈಸ್ತ ಮನೆತನಗಳ ಈ ಕೈಗಳ ಬಗ್ಗೆ ಟಿ.ಎಂ. ಕೃಷ್ಣ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ ಬಂದದ್ದು 2020ರಲ್ಲಿ. ಪಾಲಘಾಟ್ ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎಂಬ ಕೆಲಸಗಾರನ ಕೈ ಇತ್ತು ಅಂತ ಲೋಕಕ್ಕೆ ತಿಳಿಯಲು ಅಷ್ಟು ವರ್ಷ ಬೇಕಾಯಿತು. ಆ ಪುಸ್ತಕದ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಜಾಗವನ್ನು ವಾಪಸ್ ತೆಗೆದುಕೊಂಡಿತು. ತೊಗಲಿನ ನಾದ ಬೇಕು, ತೊಗಲಿನ ಮಾತು ಬೇಡ.

ಕಪಿಲೆ ಬಾವಿಯ ಕಾಲ ನೆನಪಿದೆಯೇ? ಎತ್ತು ಎಳೆಯುತ್ತಿದ್ದ ನೀರು ಬರುತ್ತಿದ್ದದ್ದು ನಮ್ಮವರು ಹೊಲಿದ ತೊಗಲ ಚೀಲದಲ್ಲಿ. ಆ ನೀರು ಗದ್ದೆಗೆ ಹರಿಯಿತು, ಭತ್ತವಾಯಿತು, ದೇವರ ನೈವೇದ್ಯವಾಯಿತು. ಮೈಲಿಗೆ ಆಗಲಿಲ್ಲ. ಚೀಲ ಹೊಲಿದ ಕೈ ಬಾವಿ ಮುಟ್ಟಿದರೆ ಮಾತ್ರ ಮೈಲಿಗೆ!

ಮುಟ್ಟದವನಿಗೆ ಅರಿವಿಲ್ಲ

ಇಲ್ಲಿಗೆ ನಮ್ಮ ವಾದದ ಗಂಟು ಬಂತು. ಅಸ್ಪೃಶ್ಯತೆ ನಮಗೆ ಅನ್ಯಾಯ ಮಾಡಿತು ಅಂತ ಎಲ್ಲರೂ ಹೇಳ್ತಾರೆ. ನಾವು ಇನ್ನೊಂದು ಮಾತು ಹೇಳುತ್ತೇವೆ: ಅಸ್ಪೃಶ್ಯತೆ ಆಚರಿಸಿದವನನ್ನು ಅದು ಅಜ್ಞಾನಿ ಮಾಡಿತು.

ಅಮೆರಿಕದ ಗಿಬ್ಸನ್ ಎಂಬ ವಿಜ್ಞಾನಿ 1962ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದ. ಬಿಸ್ಕತ್ತು ಕತ್ತರಿಸುವ ತಗಡಿನ ಅಚ್ಚುಗಳನ್ನು ಜನರ ಅಂಗೈಗೆ ಒತ್ತಿದ, ಆಕಾರ ಯಾವುದು ಅಂತ ಕೇಳಿದ. ಸುಮ್ಮನೆ ಕೈ ಒಡ್ಡಿ ಕೂತವರು ಅರ್ಧ ಸಲ ಕೂಡ ಸರಿ ಹೇಳಲಿಲ್ಲ. ತಾವೇ ಬೆರಳಾಡಿಸಿ ನೋಡಿದವರು ನೂರಕ್ಕೆ 95 ಸಲ ಸರಿ ಹೇಳಿದರು. ಅರಿವು ಬರುವುದು ಕೈ ತಾನಾಗಿ ಹೋಗಿ ಹುಡುಕಿದಾಗ. ಇದಕ್ಕೂ ಮೊದಲು, 1925ರಲ್ಲೇ, ಜರ್ಮನಿಯ ಡೇವಿಡ್ ಕಾಟ್ಸ್ ಸ್ಪರ್ಶಲೋಕದ ಬಗ್ಗೆ ದೊಡ್ಡ ಪುಸ್ತಕ ಬರೆದು, ಚಲಿಸದ ಕೈಗೆ ಏನೂ ತಿಳಿಯದು ಅಂತ ಸಾರಿದ್ದ. ಅವನು ಯೆಹೂದಿ. 1933ರಲ್ಲಿ ಹಿಟ್ಲರನ ಆಡಳಿತ ಅವನನ್ನು ವಿಶ್ವವಿದ್ಯಾಲಯದಿಂದ ಓಡಿಸಿತು. ಸ್ಪರ್ಶವನ್ನು ಅಧ್ಯಯನ ಮಾಡಿದವನನ್ನೇ ಅವರು ಅಸ್ಪೃಶ್ಯ ಮಾಡಿದರು. ರಕ್ತಶುದ್ಧಿಯ ಹುಚ್ಚಿಗೂ ಮಡಿಯ ಹುಚ್ಚಿಗೂ ದೇಶ ಬೇರೆ, ತಳಿ ಒಂದೇ.

ಮುಟ್ಟದ ಅರಿವು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಒಂದು ಪತ್ರವನ್ನು ಎತ್ತಿ ತೋರಿಸಿದ್ದಾರೆ. ಅದು 1929ರ ಡಿಸೆಂಬರಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬಂದದ್ದು. ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ. ಹೇಗೋ ಬಂದವನು ರೋಗಿಯನ್ನು ಕೇರಿಯ ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಮೇಷ್ಟ್ರಿಗೆ ಕೊಟ್ಟ, ಮೇಷ್ಟ್ರು ಹೆಂಡತಿಗೆ ಕೊಟ್ಟರು. ವಾಪಸೂ ಹಾಗೇ. ಡಾಕ್ಟರು ನಾಡಿ ಹಿಡಿಯಲಿಲ್ಲ, ಎದೆ ತಟ್ಟಲಿಲ್ಲ. ದೂರದಿಂದ ನೋಡಿ ನ್ಯುಮೋನಿಯಾ ಅಂದು ಹೋದ. ಆ ತಾಯಿ ಸತ್ತಳು.

ಓದು ಇತ್ತು, ಡಿಗ್ರಿ ಇತ್ತು, ಥರ್ಮಾಮೀಟರೂ ಇತ್ತು. ಕೈ ಇರಲಿಲ್ಲ. ಮುಟ್ಟದ ಡಾಕ್ಟರು ಡಾಕ್ಟರೇ ಅಲ್ಲ. ಅಕ್ಷರ ಕಲಿಯದೆ, ಕೈಯಲ್ಲೇ ಹೊಟ್ಟೆ ಸವರಿ ಕೂಸಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆ ಇಬ್ಬರಲ್ಲಿ ವೈದ್ಯ ಯಾರು, ನೀವೇ ಹೇಳಿ.

ಬರೋಡಾದ ಕಚೇರಿಯಲ್ಲಿ ಜವಾನರು ಅಂಬೇಡ್ಕರರ ಮೇಜಿಗೆ ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. 20-3-1927ರಂದು ಮಹಾಡ್‌ನ ಚವದಾರ್ ಕೆರೆಯ ನೀರನ್ನು ನಮ್ಮ ಜನ ಮುಟ್ಟಿ ಕುಡಿದರು. ಆಮೇಲೆ ಸವರ್ಣರು 108 ಕೊಡ ಗಂಜಲ, ಸಗಣಿ, ಹಾಲು, ಮೊಸರು ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ಸಗಣಿ ಮುಟ್ಟಿದರೆ ಶುದ್ಧ, ಮನುಷ್ಯ ಮುಟ್ಟಿದರೆ ಅಶುದ್ಧ. ವಸ್ತುವಿನ ಗುಣ ಅರಿಯಲು ಬರದವನ ಲಕ್ಷಣ ಇದಕ್ಕಿಂತ ಬೇರೆ ಬೇಕೇ?

ಹೊಗಳುವವರ ಬಲೆ

ಈಗ ಎರಡನೇ ಎದುರಾಳಿ. ಇವನು ಬೈಯುವವನಿಗಿಂತ ಅಪಾಯ. ಇವನು ನಮ್ಮ ಕೈಯನ್ನು ಹೊಗಳುತ್ತಾನೆ. ಆಹಾ, ಎಂಥ ಪರಂಪರೆ, ಎಂಥ ಕುಶಲಕರ್ಮಿ, ಈ ವಿದ್ಯೆ ಅಳಿಯಬಾರದು, ನಿಮ್ಮ ಮಗನೂ ಇದನ್ನೇ ಮಾಡಲಿ!

1936ರಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಭಂಗಿಯ ಬಗ್ಗೆ ಒಂದು ಲೇಖನ ಬರೆದರು. ಆದರ್ಶ ಭಂಗಿಗೆ ಮಲಮೂತ್ರದ ಗುಣ ತಿಳಿದಿರಬೇಕು, ಅದನ್ನು ಗಮನಿಸಿ ಆಯಾ ಮನುಷ್ಯನಿಗೆ ಮುನ್ನೆಚ್ಚರಿಕೆ ಕೊಡಬೇಕು ಅಂತ ಅದರಲ್ಲಿದೆ. ನೋಡಿದಿರಾ? ಇಲ್ಲಿ ನಮ್ಮವನ ಅರಿವಿಗೆ ಬೆಲೆ ಬಂತು. ಯಾವುದರ ಅರಿವಿಗೆ? ಅವರ ಹೇಲಿನ ಅರಿವಿಗೆ. ಆ ಅರಿವು ಇರುವವನು ಡಾಕ್ಟರ್ ಆಗಲಿ ಅಂತ ಅವರು ಬರೆಯಲಿಲ್ಲ, ಒಳ್ಳೆಯ ಭಂಗಿ ಆಗಲಿ ಅಂತ ಬರೆದರು. ಅದೇ ವರ್ಷ ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಹೇಳಿದ್ದರು: ಜಾತಿ ಹಂಚಿದ್ದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಗೋಡೆ ಕಟ್ಟಿ ಬೇರೆ ಮಾಡಿತು ಅಂತ. ಈ ಎರಡು ಬರಹಗಳ ನಡುವೆ ನಾವು ಯಾವ ಕಡೆ ನಿಲ್ಲಬೇಕು ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಅಂತ ಯೋಜನೆ ತಂದಿತು. 18 ಕಸುಬು, ಅದರಲ್ಲಿ ಚಪ್ಪಲಿ ಹೊಲಿಯುವುದೂ ಒಂದು. ಐದಾರು ದಿನ ತರಬೇತಿ, ಒಂದು ಸರ್ಟಿಫಿಕೇಟು, ಮುಟ್ಟು ಕೊಳ್ಳಲು 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಹಣ ಬೇಕಾದವರು ತೆಗೆದುಕೊಳ್ಳಲಿ, ಅದು ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಗುರು-ಶಿಷ್ಯ ಪರಂಪರೆ, ಕುಲಕಸುಬು ಅಂತ ಅದಕ್ಕೆ ಹಾಕಿದ ಹೂವಿನ ಹಾರವನ್ನು ನಾವು ಒಪ್ಪುವುದಿಲ್ಲ. ಜುಟ್ಟು ಬಿಟ್ಟವನ ಮಗನಿಗೆ ಐಐಟಿ, ಮೆಟ್ಟು ಹೊಲಿದವನ ಮಗನಿಗೆ ಕುಲಕಸುಬು. ಇದು ಯಾವ ನ್ಯಾಯ?

ಮ್ಯಾನ್‌ಹೋಲಿನ ಮಾತು ಹೇಳದೆ ಈ ಲೇಖನ ಮುಗಿಯದು. ಪೌರಕಾರ್ಮಿಕ ಬಿದಿರಿನ ಗಳ ಇಳಿಸಿ ತಿರುಗಿಸುತ್ತಾನೆ. ಒಳಗೆ ಕಟ್ಟಿದ್ದು ಮರಳೋ, ಬಟ್ಟೆಯೋ, ಬೇರೋ ಅಂತ ಗಳದ ತುದಿಯಲ್ಲಿ ಅವನಿಗೆ ತಿಳಿಯುತ್ತದೆ. ದೇಕಾರ್ತನ ಕುರುಡನ ಕೋಲಿನ ವಿದ್ಯೆಯೇ ಇದು. ಆದರೆ ಕೈಗೂ ಒಂದು ಎಲ್ಲೆ ಇದೆ. ವಿಷಗಾಳಿ ಕೈಗೆ ಸಿಕ್ಕುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ವಾಸನೆಯನ್ನೂ ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು ಕೊಲ್ಲುತ್ತದೆ. ಮಲ ಹೊರಿಸುವುದನ್ನು 1993ರಲ್ಲಿ ಕಾನೂನು ನಿಷೇಧಿಸಿತು, 2013ರಲ್ಲಿ ಮತ್ತೆ ನಿಷೇಧಿಸಿತು. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವಿನ ಬೆಲೆ ಏರಿತು, ಸಾವು ನಿಲ್ಲಲಿಲ್ಲ. ಈ ಅರಿವನ್ನು ನಾವು ಹೊಗಳುವುದಿಲ್ಲ. ಯಾವ ಮನುಷ್ಯನಿಗೂ ಕಲಿಸಬಾರದ ಅರಿವು ಇದು. ಇಲ್ಲಿ ಬೇಕಾದದ್ದು ಮಿಷನ್ನು, ಸರ್ಟಿಫಿಕೇಟಲ್ಲ.

ನಮ್ಮವರಿಗೊಂದು ಮಾತು

ನಮ್ಮೊಳಗೂ ಜಗಳ ಇದೆ. ತಮಟೆ ಬಿಸಾಕಿ, ಉಳಿ ಬಿಸಾಕಿ, ಅವು ಗುಲಾಮಗಿರಿಯ ಗುರುತು ಅನ್ನುವವರಿದ್ದಾರೆ. ಇಲ್ಲ, ತಮಟೆ ನಮ್ಮ ಸಂಸ್ಕೃತಿ ಅನ್ನುವವರಿದ್ದಾರೆ. ಇಬ್ಬರ ನೋವೂ ನಮಗೆ ಗೊತ್ತು. ಗೌಡರ ಮನೆ ಸಾವಿಗೆ ಬಿಟ್ಟಿಯಾಗಿ ತಮಟೆ ಬಡಿಯುವುದನ್ನು ಇವತ್ತೇ ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಟ್ಟಿಯನ್ನು ಬಿಡುವಾಗ ಅರಿವನ್ನೂ ಬಾವಿಗೆ ಹಾಕಬೇಕೆ? ಅರಿವು ನಮ್ಮ ಗಳಿಕೆ, ಬಿಟ್ಟಿ ಅವರ ಹೇರಿಕೆ. ಎರಡನ್ನೂ ಬೇರೆ ಮಾಡಿ ನೋಡಲು ಕಲಿಯೋಣ.

2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಹೊಡೆದರು. ಆಮೇಲೆ ಏನಾಯಿತು? ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ಕಲೆಕ್ಟರ್ ಕಚೇರಿ ಮುಂದೆ ತಂದು ಸುರಿದರು. ನಿಮ್ಮ ತಾಯಿ, ನೀವೇ ಎತ್ತಿ ಅಂದರು. ಕೆಲಸಕ್ಕೆ ಕೈ ಒಡ್ಡದೇ ಇರುವುದೂ ಕೈಯ ಬಲವೇ. ಕುಶಲತೆ ಇಲ್ಲದ ಕೆಲಸವಾಗಿದ್ದರೆ ಆ ಕಚೇರಿಯ ಸಾಹೇಬರೇ ಮಾಡಬಹುದಿತ್ತಲ್ಲ!

ನಮ್ಮ ಹಕ್ಕೊತ್ತಾಯ

1. ಕೂಲಿಯ ಪಟ್ಟಿಗಳಿಂದ, ಕಾಯ್ದೆಗಳಿಂದ ‘ಕುಶಲರಹಿತ’ ಎಂಬ ಮಾತು ಹೋಗಬೇಕು. ಕೆಲಸದ ಕಷ್ಟ, ಅಪಾಯ, ಅದನ್ನು ಕಲಿಯಲು ಬೇಕಾದ ಕಾಲ ನೋಡಿ ಕೂಲಿ ನಿಗದಿಯಾಗಬೇಕು. ನಿಗದಿ ಮಾಡುವ ಸಮಿತಿಯಲ್ಲಿ ಹಾರೆ ಹಿಡಿದವರೂ ಕೂರಬೇಕು.

2. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುವುದು ನಿಲ್ಲಬೇಕು. ಇಳಿಸಿದ ಅಧಿಕಾರಿ, ಗುತ್ತಿಗೆದಾರ ಜೈಲಿಗೆ ಹೋಗಬೇಕು. 30 ಲಕ್ಷದ ಹಿಂದೆ ಅವರು ಅಡಗಿಕೊಳ್ಳಬಾರದು.

3. ಚರ್ಮ, ಕಲ್ಲು, ವಾದ್ಯ, ಮಣ್ಣಿನ ವಿದ್ಯೆ ಕಲಿಸುವ ಕಾಲೇಜುಗಳಲ್ಲಿ ಕೈಯ ಅರಿವು ಇರುವವರನ್ನು ಮೇಷ್ಟ್ರ ಸಂಬಳ ಕೊಟ್ಟು ಮೇಷ್ಟ್ರಾಗಿಯೇ ಕರೆಯಬೇಕು. ಪ್ರದರ್ಶನದ ಗೊಂಬೆಯಾಗಿ ಬೇಡ.

4. ಎಲ್ಲ ಜಾತಿಯ ಮಕ್ಕಳೂ ಶಾಲೆಯಲ್ಲಿ ಮಣ್ಣು ಕಲಸಲಿ, ತೊಗಲು ಹೊಲಿಯಲಿ, ಕಸ ಗುಡಿಸಲಿ. ನಮ್ಮ ಮಕ್ಕಳು ಪ್ರಯೋಗಶಾಲೆಯ ಮೈಕ್ರೋಸ್ಕೋಪು ಮುಟ್ಟಲಿ. ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ಬೇಡ ಅನ್ನುವ ಊರುಗಳಲ್ಲಿ ಅಡ್ಡಿ ಮಾಡಿದವರ ಮೇಲೆ ಕೇಸು ಬೀಳಲಿ. 26-1-1950ರಿಂದ 17ನೇ ವಿಧಿ ಸಂವಿಧಾನದಲ್ಲಿದೆ, ಅದು ಅಲಂಕಾರಕ್ಕೆ ಬರೆದದ್ದಲ್ಲ.

5. ಕಸುಬು ಹುಟ್ಟಿನಿಂದ ಬರಬಾರದು. ನಮ್ಮ ಮಗಳು ಬೇಕಾದರೆ ಉಳಿ ಹಿಡಿಯುತ್ತಾಳೆ, ಬೇಕಾದರೆ ಆಪರೇಷನ್ ಮಾಡುವ ಕತ್ತಿ ಹಿಡಿಯುತ್ತಾಳೆ. ಎರಡಕ್ಕೂ ಬೇಕಾದದ್ದು ಒಂದೇ ಕೈ. ಆರಿಸುವವಳು ಅವಳು.

ಬಂಧುಗಳೇ, ಮುಟ್ಟುವುದರಲ್ಲಿ ಒಂದು ವಿಶೇಷ ಇದೆ. ಕಾಣಿಸಿಕೊಳ್ಳದೆ ನೋಡಬಹುದು, ಅಡಗಿ ಕೂತು ಕೇಳಬಹುದು. ಆದರೆ ತಾನು ಮುಟ್ಟಿಸಿಕೊಳ್ಳದೆ ಯಾರೂ ಇನ್ನೊಬ್ಬರನ್ನು ಮುಟ್ಟಲಾರರು. ಮುಟ್ಟುವವನೂ ಮುಟ್ಟಿಸಿಕೊಂಡವನೂ ಆ ಗಳಿಗೆಯಲ್ಲಿ ಸಮ. ಮಡಿವಂತ ಹೆದರುವುದು ಕೊಳಕಿಗಲ್ಲ, ಈ ಸಮಾನತೆಗೆ. ಆದ್ದರಿಂದ ನಾವು ಮುಟ್ಟುತ್ತೇವೆ. ಬಾವಿಯನ್ನು ಮುಟ್ಟುತ್ತೇವೆ, ಪುಸ್ತಕವನ್ನು ಮುಟ್ಟುತ್ತೇವೆ, ಭೂಮಿಯನ್ನು ಮುಟ್ಟುತ್ತೇವೆ, ಅಧಿಕಾರವನ್ನೂ ಮುಟ್ಟುತ್ತೇವೆ. ಮುಟ್ಟಿ, ಎತ್ತಿ, ತೂಗಿ ನೋಡಿ, ಎಷ್ಟು ಕಡಿಮೆ ಅಳೆದಿದ್ದೀರಿ ಅಂತ ಬಾಯಿಬಿಟ್ಟು ಹೇಳುತ್ತೇವೆ.

ಕೈಯ ಅರಿವಿಗೆ ಜಯವಾಗಲಿ! ಜೈ ಭೀಮ್!